ಯಾರೂ ಇಲ್ಲದ ದ್ವೀಪಕ್ಕೆ ಹಡಗಿನಲ್ಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಧ್ರುವ ಪ್ರದೇಶದ ಹಡಗು ಪ್ರವಾಸದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದಲೇ ಹೆಚ್ಚು ಪತ್ರಗಳು ಬಂದಿವೆ, ಅವುಗಳಲ್ಲಿ ಅರ್ಧಕ್ಕರ್ಧ ಕಾಫಿ ಬೆಳೆಗಾರರವು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಒಂದು ಕಂಪನಿಯ ಪುಸ್ತಿಕೆಯಲ್ಲಿ ಒಂದನೇ ಪೀಟರ್ ದ್ವೀಪ ಇದೆ, ಇನ್ನೊಂದರಲ್ಲಿ ಬೂವೆ ದ್ವೀಪ. ಜನವೇ ಇಲ್ಲದ ನೆಲದ ಮೇಲೆ ಒಮ್ಮೆ ಕಾಲಿಡಬೇಕೆಂದು ನನಗೂ ಗೆಳೆಯರಿಗೂ ಆಸೆ. ಇಳಿಸುವುದು ಖಾತ್ರಿಯೇ?
— ಬೆಳೆಗಾರರು, ಮೂಡಿಗೆರೆ

ಖಾತ್ರಿ ಇಲ್ಲ. ಪುಸ್ತಿಕೆಯ ಚಿಕ್ಕ ಅಕ್ಷರದ ಭಾಗ ಓದಿ ನೋಡಿ, ‘ಇಳಿಯುವ ಪ್ರಯತ್ನ ಮಾಡಲಾಗುವುದು’ ಎಂದಷ್ಟೇ ಇರುತ್ತದೆ. ನೀವು ಹಣ ಕೊಡುವುದು ಆ ಪ್ರಯತ್ನಕ್ಕೆ. ಇಳಿಯಲಾಗಲಿಲ್ಲ ಎಂದು ದುಡ್ಡು ವಾಪಸ್ ಕೇಳಲು ಬರುವುದಿಲ್ಲ.

ಅಂಟಾರ್ಕ್ಟಿಕಾ ಕರಾವಳಿಯಾಚೆಯ ಒಂದನೇ ಪೀಟರ್ ದ್ವೀಪವನ್ನು ರಷ್ಯಾದ ನಾವಿಕ ಬೆಲ್ಲಿಂಗ್ಸ್‌ಹೌಸೆನ್ 1821ರಲ್ಲಿ ಕಂಡ. ಅಲ್ಲಿ ಮನುಷ್ಯನ ಕಾಲು ಮೊದಲು ಬಿದ್ದದ್ದು 1929ರ ಫೆಬ್ರವರಿ 2ರಂದು, ನಾರ್ವೆಯವರದು. ನಡುವೆ 108 ವರ್ಷ! ಸುತ್ತ ಸಮುದ್ರದ ಮಂಜುಗಡ್ಡೆ, ದಡದ ತುಂಬ ಕಡಿದಾದ ಹಿಮದ ಗೋಡೆ. ಈಗಲೂ ಹಡಗುಗಳು ಹತ್ತಿರ ಹೋಗುವುದು ಹೆಚ್ಚಾಗಿ ಫೆಬ್ರವರಿಯ ಆಸುಪಾಸಿನಲ್ಲಿ, ಮಂಜುಗಡ್ಡೆ ತೀರಾ ಕಡಿಮೆಯಾದಾಗ. ಬೂವೆಯ ತೊಂದರೆ ಬೇರೆ. ಆಫ್ರಿಕಾದ ತುದಿಯಿಂದ ಸುಮಾರು 2500 ಕಿ.ಮೀ. ದೂರದಲ್ಲಿ, 49 ಚದರ ಕಿ.ಮೀ. ವಿಸ್ತೀರ್ಣದ ಜ್ವಾಲಾಮುಖಿ ದ್ವೀಪ. ಶೇ 90ಕ್ಕಿಂತ ಹೆಚ್ಚು ಭಾಗ ಹಿಮನದಿ. ಬಂದರಿಲ್ಲ, ಕೊಲ್ಲಿಯಿಲ್ಲ. 1950ರ ದಶಕದ ಕೊನೆಯಲ್ಲಿ ಬಂಡೆ ಕುಸಿದು ಉಂಟಾದ ನೈರೊಯ್ಸಾ ಎಂಬ ತಟ್ಟೊಂದು ಬಿಟ್ಟರೆ ಇಳಿಯಲು ಹೇಳಿಕೊಳ್ಳುವಂಥ ಜಾಗವಿಲ್ಲ. 1971ರಿಂದ ಅದು ನಾರ್ವೆಯ ಸಂರಕ್ಷಿತ ದ್ವೀಪ, ಹಾಗಾಗಿ ಆ ದೇಶದ ಅನುಮತಿಯೂ ಬೇಕು.

ಇಳಿಯುವುದನ್ನು ಕೆಡಿಸುವುದು ಗಾಳಿ ಎಂದು ಜನ ತಿಳಿದಿರುತ್ತಾರೆ. ಗಾಳಿಗೆ ಉಪಾಯವಿದೆ: ಕ್ಯಾಪ್ಟನ್ ಹಡಗನ್ನು ಅಡ್ಡ ತಿರುಗಿಸಿ ನಿಲ್ಲಿಸಿದರೆ ಅದರ ಮರೆಯಲ್ಲಿ ದೋಣಿ ಹತ್ತಬಹುದು. ಉಪಾಯವಿಲ್ಲದ್ದು ದೂರದ ಬಿರುಗಾಳಿಯಿಂದ ಎದ್ದು ಬರುವ ಉದ್ದನೆಯ ಉಬ್ಬಲೆಗೆ. ಅದು ದ್ವೀಪಕ್ಕೆ ತಗುಲಿದಾಗ ಬಾಗಿ ಸುತ್ತಿಕೊಂಡು ಮರೆಯ ಬದಿಗೂ ಬರುತ್ತದೆ. ಆಕಾಶ ತಿಳಿಯಾಗಿದ್ದು, ಬಿಸಿಲು ಬಿದ್ದು, ಎಲೆ ಅಲುಗುವಷ್ಟು ಗಾಳಿಯೂ ಇಲ್ಲದ ದಿನ ಇಳಿಯುವುದು ರದ್ದಾದರೆ ಕಾರಣ ಇದೇ. ಹಡಗಿನ ಏಣಿಯ ಬುಡದಲ್ಲಿ ರಬ್ಬರ್ ದೋಣಿ ಒಂದು ಮೀಟರಿಗಿಂತ ಹೆಚ್ಚು ಏರಿಳಿಯತೊಡಗಿದರೆ ಕಾಲು ಸಿಕ್ಕಿಹಾಕಿಕೊಳ್ಳುವ ಅಪಾಯ. ದಡದಲ್ಲಿ ಅದೇ ಅಲೆ ಒಡೆದು ದೋಣಿಯ ಹಿಂಭಾಗದಿಂದ ಒಳಗೆ ನುಗ್ಗುತ್ತದೆ. ಇಳಿಯುವುದು ಸುಲಭವಾಗಿದ್ದು ವಾಪಸ್ ಹತ್ತುವಾಗ ಅಲೆ ಎದ್ದರೆ ಏನು ಗತಿ ಎಂಬುದನ್ನೂ ಮುಖ್ಯ ಗೈಡ್ ಲೆಕ್ಕ ಹಾಕಬೇಕು. ಅದಕ್ಕೇ ಮೊದಲು ಬರೀ ಗೈಡುಗಳ ದೋಣಿ ಹೋಗಿ ನೋಡಿ ಬರುತ್ತದೆ. ಪ್ರಯಾಣಿಕರು ದಡದಲ್ಲೇ ಸಿಕ್ಕಿಬಿದ್ದರೆ ಇರಲೆಂದು ಟೆಂಟು, ಆಹಾರ ಇರುವ ಡಬ್ಬಗಳನ್ನೂ ದಡಕ್ಕೆ ಒಯ್ಯುತ್ತಾರೆ.

ಹಡಗು ಆರಿಸುವಾಗ ಒಂದು ಲೆಕ್ಕ ನೆನಪಿಡಿ. ಅಂಟಾರ್ಕ್ಟಿಕಾ ಪ್ರವಾಸ ಕಂಪನಿಗಳ ಸಂಘಟನೆಯಾದ ಐಎಎಟಿಒ (1991ರಲ್ಲಿ ಆರಂಭ) ನಿಯಮದಂತೆ ಒಂದು ಜಾಗದಲ್ಲಿ ಒಂದು ಹೊತ್ತಿಗೆ 100 ಪ್ರಯಾಣಿಕರಷ್ಟೇ ದಡದಲ್ಲಿರಬಹುದು. 500ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ಯಾರನ್ನೂ ಇಳಿಸುವಂತಿಲ್ಲ. ಒಂದು ದೋಣಿಗೆ ಸುಮಾರು 10 ಜನ. 100 ಜನರ ಹಡಗಾದರೆ ಹತ್ತು ದೋಣಿ ಹೊರೆಗೆ ಎಲ್ಲರೂ ದಡದಲ್ಲಿ. 190 ಜನರದಾದರೆ ಅರ್ಧ ಮಂದಿ ದಡದಲ್ಲಿ, ಉಳಿದವರು ದೋಣಿಯಲ್ಲೇ ಸುತ್ತು, ಆಮೇಲೆ ಅದಲುಬದಲು. ಪೀಟರ್ ದ್ವೀಪದಂಥ ಕಡೆ ಹವಾಮಾನ ಕೊಡುವ ಅವಕಾಶವೇ ಎರಡು ಮೂರು ಗಂಟೆ. ಅಂಥಲ್ಲಿ ದೊಡ್ಡ ಹಡಗಿನ ಎರಡನೇ ಗುಂಪು ದಡ ಕಾಣದೆ ಉಳಿಯುವ ಸಂಭವ ಹೆಚ್ಚು.

ನಮ್ಮ ಅಭಿಪ್ರಾಯ ಕೇಳಿದರೆ, ಮೊದಲ ಪ್ರವಾಸಕ್ಕೆ ಈ ಎರಡೂ ಬೇಡ. ಅಂಟಾರ್ಕ್ಟಿಕಾ ಪರ್ಯಾಯ ದ್ವೀಪದ ಪಕ್ಕದ ಕ್ಯೂವರ್‌ವಿಲ್, ಡ್ಯಾಂಕೋ, ಪೀಟರ್‌ಮನ್, ಪೌಲೆಟ್ ದ್ವೀಪಗಳಲ್ಲೂ ಊರಿಲ್ಲ, ಮನೆಯಿಲ್ಲ, ಪೆಂಗ್ವಿನ್‌ಗಳು ಸಾವಿರಗಟ್ಟಲೆ. ಪೌಲೆಟ್‌ನಲ್ಲಿ 1903ರಲ್ಲಿ ಹಡಗು ಮುಳುಗಿ ಚಳಿಗಾಲ ಕಳೆದ ಸ್ವೀಡಿಷ್ ತಂಡದ ಕಲ್ಲುಗುಡಿಸಲಿನ ಗೋಡೆ ಇನ್ನೂ ಇದೆ. ಒಂದು ದ್ವೀಪ ತಪ್ಪಿದರೆ ಮಧ್ಯಾಹ್ನಕ್ಕೆ ಇನ್ನೊಂದು ಸಿಗುತ್ತದೆ. ಪೀಟರ್ ದ್ವೀಪ ತಪ್ಪಿದರೆ ಸುತ್ತ ಬರೀ ನೀರು.

ನವೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ ಹಡಗು ಎನ್ನುತ್ತಾರೆ. ಅದೇ ಹೊತ್ತಿಗೆ ನಮ್ಮಲ್ಲಿ ಹಣ್ಣು ಕೊಯ್ಲು. ತೋಟ ಬಿಟ್ಟು ಹೋಗುವುದು ಹೇಗೆ?
— ಸಕಲೇಶಪುರ, ಬಾಳೆಹೊನ್ನೂರಿನಿಂದ ಮೂವರು

ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಶುರು, ಅದು ಮುಗಿಯುವಷ್ಟರಲ್ಲಿ ಅಂಟಾರ್ಕ್ಟಿಕಾದ ಬೇಸಿಗೆಯೂ ಮುಗಿದಿರುತ್ತದೆ. ಅರೇಬಿಕಾ ಮಾತ್ರ ಇದ್ದವರು ಫೆಬ್ರವರಿ ಕೊನೆಯ ಹಡಗು ಹಿಡಿಯಬಹುದು. ಉಳಿದವರು ಉತ್ತರಕ್ಕೆ ನೋಡಿ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಹಂಗಾಮು ಜೂನ್‌ನಿಂದ ಸೆಪ್ಟೆಂಬರ್ ಮೊದಲ ವಾರಗಳವರೆಗೆ, ಅಂದರೆ ಸರಿಯಾಗಿ ನಮ್ಮ ಮಳೆಗಾಲ.

ಅಲ್ಲಿ ಪೂರ್ವದ ಅಂಚಿನಲ್ಲಿರುವ ಕ್ವಿಟೋಯಾ ನಿಮ್ಮ ಆಸೆಗೆ ಹೊಂದುವ ದ್ವೀಪ: ಹೆಚ್ಚುಕಡಿಮೆ ಪೂರ್ತಿ ಹಿಮದ ಗುಮ್ಮಟ, ಜನವಿಲ್ಲ, ಮಂಜುಗಡ್ಡೆ ಬಿಟ್ಟರಷ್ಟೇ ದಾರಿ. 1897ರಲ್ಲಿ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟ ಆಂಡ್ರೆ ಮತ್ತು ಇಬ್ಬರು ಸಂಗಡಿಗರ ಅವಶೇಷ 1930ರಲ್ಲಿ ಸಿಕ್ಕಿದ್ದು ಅಲ್ಲೇ. 2025ರ ಜನವರಿಯಿಂದ ನಿಯಮ ಬಿಗಿಯಾಗಿದೆ. ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ಹೋಗುವಂತಿಲ್ಲ, ಗುರುತಿಸಿದ 43 ಜಾಗಗಳಲ್ಲಿ ಮಾತ್ರ ಇಳಿಯಬಹುದು, ಹಿಮಕರಡಿಯಿಂದ 300 ಮೀಟರ್ (ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್) ದೂರವಿರಬೇಕು. ಕರಡಿ ಕಂಡರೆ ಇಳಿಯುವುದು ರದ್ದು. ಆಗಲೇ ಇಳಿದಿದ್ದರೆ ಎಲ್ಲರೂ ಕೂಡಲೇ ದೋಣಿಗೆ. ಆದ್ದರಿಂದ ದಡದಲ್ಲಿ ಬಂದೂಕು ಹಿಡಿದ ಗೈಡುಗಳ ನಡುವೆ ಗುಂಪಾಗಿಯೇ ನಡೆಯಬೇಕು, ಒಬ್ಬರೇ ಅಡ್ಡಾಡಲು ಬಿಡುವುದಿಲ್ಲ.

ವೀಸಾದಲ್ಲಿ ತಪ್ಪುವವರು ಬಹಳ. ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡ, ನಿಜ. ಆದರೆ ಅದು ಷೆಂಗನ್ ವಲಯದ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಹೊರಗಿದೆ, ದಾರಿ ಇರುವುದು ಓಸ್ಲೋ ಮೂಲಕ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ವಲಯದೊಳಗೆ ಕಾಲಿಡಬೇಕು. ಎರಡು ಪ್ರವೇಶದ ಷೆಂಗನ್ ವೀಸಾ ಎಂದೇ ಅರ್ಜಿಯಲ್ಲಿ ಕೇಳಿ. ಒಂದು ಪ್ರವೇಶದ್ದಾದರೆ ಊರಿಗೆ ಮರಳುವ ದಾರಿ ಮುಚ್ಚಿದಂತೆ.

ತೋಟದಲ್ಲಿ ಹಾಕುವ ಗಮ್ ಬೂಟು, ಜರ್ಕಿನ್ ಸಾಕಲ್ಲವೇ? ಹೊಸದಕ್ಕೆ ಯಾಕೆ ದುಡ್ಡು ಹಾಕಬೇಕು?
— ಆಲೂರು

ತೋಟದ ಬೂಟು ತರಲೇಬೇಡಿ. ಚಳಿ ಎರಡನೇ ಕಾರಣ, ಮೊದಲನೆಯದು ಅದರ ಅಡಿಯಲ್ಲಿರುವ ಮಣ್ಣು.

ಅಂಟಾರ್ಕ್ಟಿಕಾಕ್ಕೆ ತನ್ನದೇ ಎನ್ನುವ ಹೂಬಿಡುವ ಸಸ್ಯಗಳು ಎರಡೇ: ಒಂದು ಹುಲ್ಲು, ಒಂದು ಮೆತ್ತೆಯಂಥ ಪುಟ್ಟ ಗಿಡ. ಹೊರಗಿನ ಪೋವಾ ಆನ್ಯುವಾ ಎಂಬ ಹುಲ್ಲು ಕಿಂಗ್ ಜಾರ್ಜ್ ದ್ವೀಪದಲ್ಲಿ ಪೋಲೆಂಡಿನ ಸಂಶೋಧನಾ ಕೇಂದ್ರದ ಸುತ್ತ ಬೇರೂರಿದ್ದು ಮನುಷ್ಯರ ಜೊತೆ ಬಂದೇ. 2007–08ರ ಬೇಸಿಗೆಯಲ್ಲಿ ಬಂದವರ ಬಟ್ಟೆ, ಬೂಟು, ಚೀಲಗಳನ್ನು ಪರೀಕ್ಷಿಸಿದಾಗ ಬೀಜ ಹೊತ್ತು ತಂದವರ ಬಳಿ ತಲಾ ಸರಾಸರಿ 9.5 ಬೀಜ ಸಿಕ್ಕಿದ್ದವು. ಕಾಫಿ ಹಣ್ಣು ಕೊರೆಯುವ ಕೀಟವಾದ ಬೆರಿ ಬೋರರ್ ಗೋಣಿಚೀಲ ಹಿಡಿದು ತೋಟದಿಂದ ತೋಟಕ್ಕೆ ಹೋಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಂಗ್ರೆಸ್ ಗಿಡದ ಬೀಜ, ಉತ್ತರಾಣಿ ಮುಳ್ಳು, ಹುಲ್ಲಿನ ತೆನೆ ನಿಮ್ಮ ಜರ್ಕಿನ್ನಿನ ವೆಲ್ಕ್ರೋ ಪಟ್ಟಿಯಲ್ಲಿ ಈಗಲೂ ಇರುತ್ತವೆ, ತೆಗೆದು ನೋಡಿ.

ಮನೆಯಲ್ಲೇ ಮಾಡಬೇಕಾದ ಕೆಲಸ ಇದು. ಜೇಬುಗಳನ್ನು ಒಳಹೊರಗು ಮಾಡಿ ವ್ಯಾಕ್ಯೂಮ್ ಹಾಕಿ, ಹೊಲಿಗೆಯ ಮೂಲೆಗಳನ್ನೂ ಬಿಡಬೇಡಿ. ವೆಲ್ಕ್ರೋದಲ್ಲಿ ಸಿಕ್ಕಿದ್ದನ್ನು ಸಣ್ಣ ಚಿಮುಟದಿಂದ ಕೀಳಿ. ಬೂಟಿನ ಅಡಿಯ ಗೀರುಗಳನ್ನು ಪೇಪರ್ ಕ್ಲಿಪ್ಪಿನಿಂದ ಕೆದಕಿ, ಬ್ರಷ್ಷಿನಿಂದ ತಿಕ್ಕಿ ತೊಳೆದು, ಪೂರ್ತಿ ಒಣಗಿಸಿ. ಕ್ಯಾಮೆರಾ ಚೀಲದ ತಳ, ಟ್ರೈಪಾಡ್ ಕಾಲು, ಊರುಗೋಲಿನ ತುದಿ, ಟೋಪಿಯ ಒಳಗು ಇವುಗಳನ್ನು ಮರೆಯುವವರೇ ಜಾಸ್ತಿ. ಹಡಗಿನಲ್ಲಿ ಮೊದಲ ಇಳಿಯುವಿಕೆಗೆ ಮುನ್ನ ಗೈಡುಗಳು ಒಂದೊಂದನ್ನೂ ನೋಡುತ್ತಾರೆ, ನೀವು ಸಹಿ ಹಾಕಬೇಕು. ಪ್ರತಿ ಸಲ ಇಳಿಯುವ ಮುನ್ನ ಮತ್ತು ಹತ್ತಿದ ಮೇಲೆ ಬೂಟನ್ನು ಸೋಂಕುನಾಶಕ ದ್ರಾವಣದಲ್ಲಿ ಅದ್ದಬೇಕು. ಹತ್ತಿದ ಮೇಲೂ ಯಾಕೆ ಎಂದರೆ, ಬೆಳಗಿನ ದ್ವೀಪದ ರೋಗಾಣು ಮಧ್ಯಾಹ್ನದ ದ್ವೀಪಕ್ಕೆ ಹೋಗಬಾರದು. ಎಚ್5ಎನ್1 ಹಕ್ಕಿಜ್ವರ 2023ರ ಅಕ್ಟೋಬರಿನಲ್ಲಿ ಸೌತ್ ಜಾರ್ಜಿಯಾಕ್ಕೂ ಮರುವರ್ಷ ಅಂಟಾರ್ಕ್ಟಿಕಾ ಪರ್ಯಾಯ ದ್ವೀಪಕ್ಕೂ ತಲುಪಿತು. ಅಲ್ಲಿಂದೀಚೆಗೆ ದಡದಲ್ಲಿ ಕೂರುವುದು, ಮಂಡಿಯೂರುವುದು, ಚೀಲ ನೆಲಕ್ಕಿಡುವುದು ಎಲ್ಲ ನಿಷೇಧ. ಸತ್ತ ಹಕ್ಕಿಗಳು ಹೆಚ್ಚು ಕಂಡರೆ ಆ ಜಾಗಕ್ಕೆ ಇಳಿಸುವುದೇ ಇಲ್ಲ.

ಇನ್ನು ಚಳಿ. ಬೇಸಿಗೆಯಲ್ಲಿ ಪರ್ಯಾಯ ದ್ವೀಪದ ಕಡೆ ಉಷ್ಣತೆ ಸೊನ್ನೆಯ ಆಚೀಚೆ. ಆದರೆ ಸೊನ್ನೆ ಡಿಗ್ರಿಗೆ ಗಂಟೆಗೆ 40 ಕಿ.ಮೀ. ಗಾಳಿ ಸೇರಿದರೆ ಮೈಗೆ ಅದು ಮೈನಸ್ 7. ಹತ್ತಿ ಬನಿಯನ್, ಜೀನ್ಸ್ ಬೇಡ: ಬೆವರು ಹೀರಿ ಒದ್ದೆಯಾಗಿಯೇ ಇದ್ದು ಮೈಶಾಖ ಎಳೆಯುತ್ತವೆ. ಮೈಗಂಟಿದ ಪದರ ತೆಳು ಉಣ್ಣೆ ಅಥವಾ ಪಾಲಿಯೆಸ್ಟರಿನದು, ಎರಡು ಜೊತೆ. ಮೇಲೆ ಫ್ಲೀಸ್. ಅದರ ಮೇಲೆ ನೀರು ಹೊಗದ ಕೋಟು. ಕೋಟು ಮತ್ತು ಮೊಣಕಾಲವರೆಗಿನ ಬೂಟನ್ನು ಹಲವು ಕಂಪನಿಗಳು ತಾವೇ ಕೊಡುತ್ತವೆ, ಬುಕ್ ಮಾಡುವಾಗ ಕೇಳಿಕೊಳ್ಳಿ. ಆಗ ನೀವು ಕೊಳ್ಳಬೇಕಾದ ಮುಖ್ಯ ವಸ್ತು ನೀರು ಹೊಗದ ಪ್ಯಾಂಟು. ಅದನ್ನು ಬೂಟಿನ ಒಳಗೆ ತುರುಕಬೇಡಿ, ಬೂಟಿನ ಮೇಲೆ ಇಳಿಬಿಡಿ. ಜಿಗಣೆ ಕಾಟಕ್ಕೆ ಒಳಗೆ ತುರುಕಿ ರೂಢಿಯಾದವರು ಇಲ್ಲೂ ಹಾಗೇ ಮಾಡಿ, ದಡದ ಮೊದಲ ಅಲೆಗೇ ಬೂಟಿನ ತುಂಬ ನೀರು ತುಂಬಿಸಿಕೊಳ್ಳುತ್ತಾರೆ. ಬೂಟಿನ ಅಳತೆ ಎರಡು ಕಾಲುಚೀಲ ಹಿಡಿಸುವಷ್ಟಿರಲಿ. ಬಿಗಿಯಾದರೆ ರಕ್ತ ಓಡಾಡದೆ ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ಕೈಗೆ ತೆಳು ಗ್ಲೌಸು, ಅದರ ಮೇಲೆ ನೀರು ಹೊಗದ ದಪ್ಪದ್ದು. ಒಂದು ಜೊತೆ ಕಳೆದೇ ಕಳೆಯುತ್ತದೆ, ಹೆಚ್ಚಿಗೆ ಇಟ್ಟುಕೊಳ್ಳಿ. ಹಡಗಿನೊಳಗೆ ಬೆಚ್ಚಗಿರುತ್ತದೆ, ಸೀರೆ, ಪಂಚೆ ಉಡಬೇಕೆನಿಸಿದರೆ ಊಟದ ಹೊತ್ತಿಗೆ ಧಾರಾಳವಾಗಿ ಉಡಿ.

ನನಗೆ 67. ಚಾರ್ಮಾಡಿ ಘಾಟಿ ಇಳಿಯುವಷ್ಟರಲ್ಲಿ ಎರಡು ಸಲ ಬಸ್ಸು ನಿಲ್ಲಿಸಬೇಕು. ಬಿಪಿ ಮಾತ್ರೆಯೂ ಇದೆ. ಈ ಯೋಚನೆಯನ್ನೇ ಬಿಡಬೇಕೇ?
— ನಿವೃತ್ತ ಶಿಕ್ಷಕಿ, ಕಡೂರು

ಬಿಡಬೇಕಿಲ್ಲ. ಅರ್ಜೆಂಟಿನಾದ ಉಶುವಾಯಾದಿಂದ ಹೊರಟ ಹಡಗು ಮೊದಲ ಕೆಲವು ಗಂಟೆ ಬೀಗಲ್ ಕಾಲುವೆಯಲ್ಲಿ ಹೋಗುತ್ತದೆ, ಅಲ್ಲಿ ಅಲೆ ಇಲ್ಲ. ದಕ್ಷಿಣ ಅಮೆರಿಕ ಮತ್ತು ಅಂಟಾರ್ಕ್ಟಿಕಾ ನಡುವಿನ ಒರಟು ಸಮುದ್ರವಾದ ಡ್ರೇಕ್ ಜಲಸಂಧಿ ಸಾಮಾನ್ಯವಾಗಿ ಅದೇ ರಾತ್ರಿ ಶುರುವಾಗುತ್ತದೆ, ದಾಟಲು ಎರಡು ದಿನದ ಹತ್ತಿರ ಬೇಕು. ಎಲ್ಲರೂ ಮಾಡುವ ತಪ್ಪು ವಾಂತಿ ಬಂದ ಮೇಲೆ ಮಾತ್ರೆ ನುಂಗುವುದು. ಆಗ ಅದು ಹೊಟ್ಟೆಯಲ್ಲೇ ನಿಲ್ಲುವುದಿಲ್ಲ. ಕಾಲುವೆಯಲ್ಲಿರುವಾಗಲೇ, ಮಲಗುವ ಮುನ್ನ ತೆಗೆದುಕೊಳ್ಳಿ. ನಮ್ಮಲ್ಲಿ ಸಿಗುವ ಪ್ರೊಮೆಥಾಜಿನ್, ಸಿನ್ನಾರಿಜಿನ್, ಮೆಕ್ಲಿಜಿನ್ ಎಲ್ಲ ಕೆಲಸ ಮಾಡುತ್ತವೆ, ಎಲ್ಲಕ್ಕೂ ತೂಕಡಿಕೆ ಇದೆ. ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದವರು ಯಾವುದನ್ನೂ ವೈದ್ಯರನ್ನು ಕೇಳದೆ ನುಂಗಬೇಡಿ. ಆರಿಸಿದ ಮಾತ್ರೆಯನ್ನು ಚಾರ್ಮಾಡಿಯಲ್ಲೇ ಒಮ್ಮೆ ಪರೀಕ್ಷಿಸಿ. ಕ್ಯಾಬಿನ್ ಕೆಳ ಅಂತಸ್ತಿನಲ್ಲಿ, ಹಡಗಿನ ಉದ್ದದ ನಡುಭಾಗದಲ್ಲಿ ಕೇಳಿ. ಅಲ್ಲಿ ತೂಗಾಟ ಕಡಿಮೆ, ಬೆಲೆಯೂ ಕಡಿಮೆ. ಮೇಲಿನ ಬಾಲ್ಕನಿ ಕೋಣೆಗೆ ಹೆಚ್ಚು ಕೊಟ್ಟವರೇ ಹೆಚ್ಚು ತೂಗುವುದು. ಹಡಗಿನಲ್ಲಿ ನಡೆಯುವಾಗ ಒಂದು ಕೈ ಸದಾ ಕಂಬಿಯ ಮೇಲಿರಲಿ, ಬಾಗಿಲ ಸಂದಿಯಲ್ಲಿ ಮಾತ್ರ ಬೆರಳಿಡಬೇಡಿ.

ಬಿಪಿ ಹಿಡಿತದಲ್ಲಿದ್ದರೆ ತೊಂದರೆಯಿಲ್ಲ. ಮಾತ್ರೆ ಎರಡು ಪಟ್ಟು ಒಯ್ಯಿರಿ, ಅರ್ಧ ಕೈಚೀಲದಲ್ಲಿ. ಹಡಗಿನಲ್ಲಿ ವೈದ್ಯರಿರುತ್ತಾರೆ, ಆಪರೇಷನ್ ವ್ಯವಸ್ಥೆ ಇರುವುದಿಲ್ಲ. ಪರ್ಯಾಯ ದ್ವೀಪದ ಕಡೆಯಾದರೆ ಕಿಂಗ್ ಜಾರ್ಜ್ ದ್ವೀಪದ ವಿಮಾನಪಟ್ಟಿಯಿಂದ, ಹವಾಮಾನ ಬಿಟ್ಟಾಗ, ಚಿಲಿಗೆ ಸಾಗಿಸಬಹುದು. ಪೀಟರ್ ಅಥವಾ ಬೂವೆಯ ಕಡೆಯಿಂದ ಆಸ್ಪತ್ರೆಗೆ ದಿನಗಟ್ಟಲೆ ದಾರಿ. ಹೃದಯದ ತೊಂದರೆ ಇರುವವರು ಆ ಎರಡನ್ನು ಪಟ್ಟಿಯಿಂದ ತೆಗೆಯಿರಿ.

ಇನ್ನೊಂದು ವಿಷಯ ನಿಮ್ಮ ವಯಸ್ಸಿಗೆ ಮುಖ್ಯ. ಅರ್ಜೆಂಟಿನಾ, ಬ್ರೆಜಿಲ್ ಎರಡೂ ಭಾರತದ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿವೆ. ಅಲ್ಲಿಂದ ಹೊರಟು ಆರು ದಿನದೊಳಗೆ ಇಲ್ಲಿ ಇಳಿಯುವವರ ಬಳಿ ಲಸಿಕೆಯ ಹಳದಿ ಪುಸ್ತಕ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಕ್ವಾರಂಟೈನ್‌ಗೆ ಕಳಿಸಬಹುದು. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲಷ್ಟೇ ಪ್ರಮಾಣಪತ್ರ ಊರ್ಜಿತ. ಆದರೆ 60 ದಾಟಿದವರಿಗೆ ಈ ಲಸಿಕೆಯ ಅಡ್ಡಪರಿಣಾಮದ ಅಪಾಯ ಹೆಚ್ಚು. ಆದ್ದರಿಂದ ಮುಂಗಡ ಕಟ್ಟುವ ಮೊದಲೇ ವೈದ್ಯರನ್ನು ಕಾಣಿ, ಆಮೇಲಲ್ಲ.

ಅಲುಗಾಡುವ ದೋಣಿಗೆ ಹಡಗಿನಿಂದ ಇಳಿಯುವುದು ಹೇಗೆ? ನೀರಿಗೆ ಬಿದ್ದರೆ?
— ಬೇಲೂರು

ಕೈ ಎರಡೂ ಖಾಲಿ ಇರಬೇಕು, ಕ್ಯಾಮೆರಾ ಚೀಲದೊಳಗೆ. ಏಣಿಯ ಬುಡದಲ್ಲಿ ನಾವಿಕ ಕೈ ಚಾಚುತ್ತಾನೆ: ಅಂಗೈ ಹಿಡಿಯಬೇಡಿ, ಅವನ ಮೊಣಕೈ ಕೆಳಗಿನ ತೋಳನ್ನು ಹಿಡಿಯಿರಿ, ಅವನು ನಿಮ್ಮದನ್ನು ಹಿಡಿಯುತ್ತಾನೆ. ಒದ್ದೆ ಗ್ಲೌಸು ಜಾರಿದರೂ ಈ ಹಿಡಿತ ಬಿಡುವುದಿಲ್ಲ. ‘ಈಗ’ ಎಂದು ಅವನು ಹೇಳುವವರೆಗೆ ಕಾಲೆತ್ತಬೇಡಿ. ದೋಣಿ ಅಲೆಯ ಮೇಲೆ ಬಂದಾಗ ಒಂದು ಹೆಜ್ಜೆ ಉಬ್ಬಿದ ರಬ್ಬರಿನ ಮೇಲೆ, ಇನ್ನೊಂದು ದೋಣಿಯ ನೆಲಕ್ಕೆ, ಕೂಡಲೇ ಕುಳಿತು ಅಂಚಿನ ಮೇಲೆ ಜಾರುತ್ತ ನಿಮ್ಮ ಜಾಗಕ್ಕೆ. ನೆಗೆಯಬಾರದು. ದಡದಲ್ಲಿ ಕಾಲುಗಳನ್ನು ಹೊರಕ್ಕೆ ತಿರುಗಿಸಿ, ಗೈಡ್ ಹೇಳಿದಾಗ ನೀರಿಗೇ ಇಳಿಯಬೇಕು. ಮೊಣಕಾಲುದ್ದದ ನೀರು ಸಾಮಾನ್ಯ. ಮನೆಯಲ್ಲಿ ಅಭ್ಯಾಸ ಬೇಕಿದ್ದರೆ ಕೈ ಊರದೆ ಗಿಡ್ಡ ಮಣೆಯಿಂದ ಹತ್ತು ಸಲ ಏಳಿ, ಬೂಟು ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿಯಿರಿ.

ನೀರಿನ ಉಷ್ಣತೆ ಸೊನ್ನೆಯ ಹತ್ತಿರ. ಉಪ್ಪು ನೀರು ಮೈನಸ್ 1.8ರವರೆಗೂ ಗಟ್ಟಿಯಾಗುವುದಿಲ್ಲ. ಬಿದ್ದ ಕೂಡಲೇ ಉಸಿರು ತಾನಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ, ಆಗ ಬಾಯಿ ನೀರೊಳಗಿದ್ದರೆ ಮುಳುಗುವುದೇ. ಮೊದಲ ಒಂದು ನಿಮಿಷ ಈಜಲು ಹೋಗದೆ ಉಸಿರು ಹಿಡಿತಕ್ಕೆ ತನ್ನಿ, ಲೈಫ್ ಜಾಕೆಟ್ ಎತ್ತಿ ಹಿಡಿಯುತ್ತದೆ. ಆಮೇಲೆ ಸುಮಾರು ಹತ್ತು ನಿಮಿಷ ಕೈಕಾಲು ಕೇಳಿದಂತೆ ಆಡುತ್ತವೆ. ಪ್ರಜ್ಞೆ ತಪ್ಪಲು ಒಂದು ಗಂಟೆಯಷ್ಟು ಹೊತ್ತು ಬೇಕು. ಅಷ್ಟರಲ್ಲಿ ದೋಣಿ ನಿಮ್ಮನ್ನು ಎತ್ತಿರುತ್ತದೆ, ಜಾಕೆಟ್ಟಿನ ತೊಡೆಪಟ್ಟಿ ಬಿಗಿದಿದ್ದರೆ. ಸಡಿಲ ಬಿಟ್ಟರೆ ಅದು ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ.

ಹಡಗೇ ಮುಳುಗಿದರೆ?
— ಶೃಂಗೇರಿ

ಮುಳುಗಿದ್ದುಂಟು. 2007ರ ನವೆಂಬರ್ 23ರಂದು ಎಕ್ಸ್‌ಪ್ಲೋರರ್ ಎಂಬ ಪ್ರವಾಸಿ ಹಡಗು ಸೌತ್ ಶೆಟ್‌ಲೆಂಡ್ ದ್ವೀಪಗಳ ಬಳಿ ಮಂಜುಗಡ್ಡೆಗೆ ತಾಗಿ ಮುಳುಗಿತು. 154 ಜನರೂ ಬದುಕಿದರು. ಗಂಟೆಗಟ್ಟಲೆ ತೆರೆದ ದೋಣಿಗಳಲ್ಲಿ ಕಾದ ಮೇಲೆ ಹತ್ತಿರದಲ್ಲಿದ್ದ ಇನ್ನೊಂದು ಪ್ರವಾಸಿ ಹಡಗು ಅವರನ್ನು ಹತ್ತಿಸಿಕೊಂಡಿತು. 2017ರಿಂದ ಜಾರಿಯಲ್ಲಿರುವ ಧ್ರುವ ಸಂಹಿತೆ (ಧ್ರುವ ಸಮುದ್ರದ ಹಡಗುಗಳ ಅಂತರರಾಷ್ಟ್ರೀಯ ನಿಯಮ) ಹಡಗಿನ ರಚನೆ, ರಕ್ಷಣಾ ದೋಣಿ, ಸಿಬ್ಬಂದಿ ತರಬೇತಿ ಎಲ್ಲವನ್ನೂ ಬಿಗಿ ಮಾಡಿದೆ. ಮೊದಲ ದಿನದ ಲೈಫ್‌ಬೋಟ್ ಕವಾಯತಿಗೆ ತಪ್ಪದೆ ಹೋಗಿ.

ಖರ್ಚು ಎಷ್ಟು? ವಿಮೆ, ತೆರಿಗೆ?
— ಹಾಸನ ನಗರ

ಪರ್ಯಾಯ ದ್ವೀಪದ 10–11 ದಿನದ ಪ್ರವಾಸದಲ್ಲಿ ಇಬ್ಬರ ಕೋಣೆಯ ಒಬ್ಬರಿಗೆ ಸುಮಾರು 6–7 ಸಾವಿರ ಡಾಲರಿನಿಂದ ಮೇಲೆ, ವಿಮಾನ ಬೇರೆ. ಪೀಟರ್ ದ್ವೀಪ ಸೇರಿಸಿಕೊಂಡು ರಾಸ್ ಸಮುದ್ರದವರೆಗೆ ಹೋಗುವ ತಿಂಗಳುದ್ದದ ಯಾನಗಳು ಇದರ ಹಲವು ಪಟ್ಟು. ತುರ್ತು ಸ್ಥಳಾಂತರಕ್ಕೆ 2 ಲಕ್ಷ ಡಾಲರ್ ಅಥವಾ ಹೆಚ್ಚಿನ ವಿಮೆ ಇರಬೇಕೆಂದು ಹಲವು ಕಂಪನಿಗಳು ಕೇಳುತ್ತವೆ. ಇಲ್ಲಿಯ ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಅಂಟಾರ್ಕ್ಟಿಕಾ ಹೊರಗಿಟ್ಟಿರುವುದುಂಟು, ಪಾಲಿಸಿಯಲ್ಲಿ ಹೆಸರು ಹಿಡಿದು ಬರೆದಿದೆಯೇ ನೋಡಿ. ವಿದೇಶ ಪ್ರವಾಸಕ್ಕೆ ಹಣ ಕಟ್ಟುವಾಗ ಟಿಸಿಎಸ್ (ಮುಂಗಡ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ಕಳೆದುಹೋದ ದುಡ್ಡಲ್ಲ. ಆದರೆ ಕೃಷಿ ಆದಾಯ ಎಂದು ರಿಟರ್ನ್ ಹಾಕದೆ ಇರುವವರು ಆ ವರ್ಷ ಹಾಕಿದರೆ ಮಾತ್ರ ವಾಪಸ್ ಬರುತ್ತದೆ.

ಬ್ಯೂನಸ್ ಐರಿಸ್‌ನಲ್ಲಿ ಅಂತರರಾಷ್ಟ್ರೀಯ ವಿಮಾನ ಇಳಿಯುವುದು ಎಸೈಸಾದಲ್ಲಿ, ಉಶುವಾಯಾಕ್ಕೆ ಹೊರಡುವುದು ಹೆಚ್ಚಾಗಿ ನಗರದ ಆಚೆಬದಿಯ ಏರೋಪಾರ್ಕೆಯಿಂದ. ಎರಡರ ನಡುವೆ ಅರ್ಧ ದಿನ ಇಟ್ಟುಕೊಳ್ಳಿ. ಉಶುವಾಯಾಕ್ಕೆ ಎರಡು ದಿನ ಮೊದಲೇ ತಲುಪಿ, ಸೂಟ್‌ಕೇಸ್ ತಡವಾಗಿ ಬಂದರೆ ಹಡಗು ಕಾಯುವುದಿಲ್ಲ.

ನಾವು ಸಸ್ಯಾಹಾರಿಗಳು. ದಡಕ್ಕೆ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಬಹುದೇ?
— ಹೊಳೆನರಸೀಪುರ

ಹಡಗಿನಲ್ಲಿ ಸಸ್ಯಾಹಾರ ಸಿಗುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬೇಡದವರು ಎರಡು ಮೂರು ತಿಂಗಳು ಮೊದಲೇ ಬರೆದು ತಿಳಿಸಿ, ಹಡಗು ಹೊರಟ ಮೇಲೆ ಅಂಗಡಿಯಿಲ್ಲ. ದಡಕ್ಕೆ ಕುಡಿಯುವ ನೀರು ಬಿಟ್ಟು ಏನನ್ನೂ ಒಯ್ಯುವಂತಿಲ್ಲ. ಅಲ್ಲಿ ಶೌಚಾಲಯವೂ ಇಲ್ಲ, ಬಂಡೆ ಮರೆಗೆ ಹೋಗುವಂತೆಯೂ ಇಲ್ಲ. ಇಳಿಯುವ ಮುನ್ನ ಎರಡನೇ ಲೋಟ ಕಾಫಿ ಬೇಡ.

ಭದ್ರಾ ಕಾಡಿನಲ್ಲಿ ಹಕ್ಕಿ ಫೋಟೊ ತೆಗೆಯುತ್ತೇನೆ. 600 ಎಂಎಂ ಲೆನ್ಸ್, ಡ್ರೋನ್ ಒಯ್ಯಲೇ?
— ಚಿಕ್ಕಮಗಳೂರು

ಡ್ರೋನ್ ಮನೆಯಲ್ಲಿರಲಿ, ಮೋಜಿಗೆ ಹಾರಿಸಲು ಅನುಮತಿಯಿಲ್ಲ. ಪೆಂಗ್ವಿನ್‌ಗೆ 600 ಹೆಚ್ಚಾಯಿತು. ನೀವು 5 ಮೀಟರ್ ದೂರ ನಿಂತರೆ ಅವು ತಾವಾಗಿಯೇ ಹತ್ತಿರ ಬರುತ್ತವೆ, 100–400 ಸಾಕು. ಹಡಗಿನ ಹಿಂದೆ ಹಾರುವ ಆಲ್ಬಟ್ರಾಸ್‌ಗೂ ಅದೇ ಲೆನ್ಸ್, 1/2000 ಸೆಕೆಂಡ್. ಹಿಮದ ಬಿಳುಪಿಗೆ ಮೀಟರ್ ಮೋಸಹೋಗಿ ಚಿತ್ರ ಬೂದಿಯಾಗುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್‌ವರೆಗೆ ಏರಿಸಿ. ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ, ಹೆಚ್ಚಿನದನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಡಿ. ಹಡಗಿಗೆ ವಾಪಸ್ ಬರುವಾಗ ಹೊರಗೇ ಕ್ಯಾಮೆರಾವನ್ನು ಜಿಪ್ ಚೀಲಕ್ಕೆ ಹಾಕಿ ಮುಚ್ಚಿ, ಒಳಗೆ ಒಂದೆರಡು ಗಂಟೆ ತೆರೆಯಬೇಡಿ. ಇಲ್ಲದಿದ್ದರೆ ಒಳಗಿನ ಬೆಚ್ಚನೆ ಗಾಳಿಯ ತೇವ ಲೆನ್ಸಿನ ಒಳಗಾಜಿನ ಮೇಲೂ ಕೂರುತ್ತದೆ.

ನೆನಪಿಗೆ ಒಂದು ಬೆಣಚುಕಲ್ಲು ತರಬಹುದೇ?
— ಕೊಪ್ಪ

ಇಲ್ಲ. ಗರಿ, ಮೂಳೆ, ಮೊಟ್ಟೆಚಿಪ್ಪು, ಯಾವುದೂ ಇಲ್ಲ. ಅಲ್ಲಿನ ಜೆಂಟೂ, ಅಡೇಲಿ ಪೆಂಗ್ವಿನ್‌ಗಳು ಗೂಡು ಕಟ್ಟುವುದು ಬೆಣಚುಕಲ್ಲಿನಿಂದಲೇ, ಒಂದರ ಗೂಡಿನದನ್ನು ಇನ್ನೊಂದು ಕದಿಯುವಷ್ಟು ಅದಕ್ಕೆ ಬೇಡಿಕೆ. ವಾಪಸ್ ಬಂದಾಗ ಬೂಟಿನ ಗೀರಿನಲ್ಲಿ ಸಿಕ್ಕಿದ ಕಲ್ಲನ್ನೂ ಕೆದಕಿ ತೆಗೆಸುತ್ತಾರೆ.